ತೌಡಿನ ಮನೆಯ ಏಣಿ

ನಾನೊಂದು ಬಿದಿರಿನ ಏಣಿ. ಎತ್ತರ ಹದಿನಾಲ್ಕು ಅಡಿ, ಮೆಟ್ಟಿಲು ಹದಿಮೂರು. ನನ್ನ ಕುಲದ ಬಗ್ಗೆ ಜನ ಆಡುವ ಮಾತೊಂದಿದೆ, ಹತ್ತಿದ ಏಣಿಯನ್ನು ಒದೆಯುವುದು ಅಂತ. ಉಪಕಾರ ಮರೆತವರನ್ನು ಬೈಯಲು ಹೀಗೆನ್ನುತ್ತಾರೆ. ನನ್ನನ್ನಂತೂ ಇಷ್ಟು ವರ್ಷದಲ್ಲಿ ಒಬ್ಬರೂ ಒದ್ದಿಲ್ಲ. ಮೇಲೆ ಹತ್ತಿದವರು ಇಳಿಯುವುದಕ್ಕೂ ನನ್ನನ್ನೇ ಹುಡುಕಬೇಕಲ್ಲ! ಈ ಗಾದೆ ಕಟ್ಟಿದವನು ಏಣಿ ಹತ್ತಿದವನೇ ಅಲ್ಲ ಎಂದು ನನಗೆ ಗುಮಾನಿ. ಅದಿರಲಿ, ನನ್ನ ಕಥೆ ಹೇಳುತ್ತೇನೆ.

ನಾನು ಹುಟ್ಟಿದ್ದು ಮಧುಗಿರಿಯ ಮೇದರ ಬೀದಿಯಲ್ಲಿ, ದುಗ್ಗಮ್ಮ ಎಂಬಾಕೆಯ ಕೈಯಲ್ಲಿ. ಹಲಸಿನ ಹಣ್ಣು ಕೊಳ್ಳುವವರ ಹಾಗೆ ಅವಳು ಬಿದಿರನ್ನು ತಟ್ಟಿ, ಸದ್ದು ಕೇಳಿ ಆರಿಸುತ್ತಿದ್ದಳು. ನನ್ನ ಎರಡು ಗಳಗಳನ್ನು ಬೆಂಕಿಗೆ ಹಿಡಿದು ಸೊಟ್ಟ ತೆಗೆದಳು. ಜಾಲಿಯ ಮೆಟ್ಟಿಲುಗಳನ್ನು ತೂತಿಗೆ ಬಡಿದು ಕೂರಿಸುವಾಗ "ಲಾಭ, ನಷ್ಟ, ಲಾಭ, ನಷ್ಟ" ಎಂದು ಎಣಿಸುತ್ತಾ ಬಂದಳು. ಹದಿಮೂರನೆಯದು ಲಾಭಕ್ಕೆ ಬಿದ್ದ ಮೇಲೆ ಕೈ ನಿಲ್ಲಿಸಿ, ತಾನೇ ತುದಿಯವರೆಗೆ ಹತ್ತಿ, ಅಲ್ಲಿ ಎರಡು ಸಲ ಜಗ್ಗಿ ನೋಡಿ ಇಳಿದಳು. ನನ್ನ ಮೇಲೆ ಮೊದಲು ಬಿದ್ದ ತೂಕ ಅವಳದು. ಅಂದಿನಿಂದ ನನಗೆ ನನ್ನ ಮೇಲೆ ಒಳ್ಳೆಯ ನಂಬಿಕೆ.

ನನ್ನನ್ನು ಕೊಂಡೊಯ್ದವನು ಬೋರ್ಡು ಬರೆಯುವ ಶ್ಯಾಮಾಚಾರಿ. ಊರಿನ ಅರ್ಧ ಅಂಗಡಿಗಳ ಹೆಸರು ನನ್ನ ಬೆನ್ನ ಮೇಲೆ ನಿಂತೇ ಬರೆದದ್ದು. ಅವನ ಜೊತೆಯಲ್ಲಿ ನಾನು ಒಂದು ವಿದ್ಯೆ ಕಲಿತೆ. ನನಗೆ ಮನುಷ್ಯರ ಮುಖ ಅಷ್ಟಾಗಿ ಗೊತ್ತಾಗುವುದಿಲ್ಲ, ಅಂಗಾಲು ಗೊತ್ತಾಗುತ್ತದೆ. "ನನಗೇನು ಭಯ" ಎನ್ನುವವನ ಹೆಬ್ಬೆರಳು ಮೆಟ್ಟಿಲನ್ನು ಹೇಗೆ ಕಚ್ಚಿ ಹಿಡಿದಿರುತ್ತದೆ ಎಂದು ನನ್ನನ್ನು ಕೇಳಿ. ಶ್ಯಾಮಾಚಾರಿ ಹೆಂಡತಿಯ ಜೊತೆ ಜಗಳವಾಡಿ ಬಂದ ದಿನ ಭಾರವನ್ನೆಲ್ಲ ಎಡಗಾಲಿಗೆ ಹಾಕುತ್ತಿದ್ದ, ಆವತ್ತು ಅಕ್ಷರಗಳೂ ಎಡಕ್ಕೇ ವಾಲುತ್ತಿದ್ದವು. ಮುಂದೆ ಬೋರ್ಡುಗಳನ್ನು ಯಂತ್ರವೇ ಅಚ್ಚು ಹಾಕುವ ಕಾಲ ಬಂತು. ಅವನು ಕುಂಚ ತೊಳೆದಿಟ್ಟು, ನನ್ನನ್ನು ಗೆಳೆಯ ಸಣ್ಣೀರಪ್ಪನ ಹೆಗಲಿಗೇರಿಸಿ, "ಮನೆ ಕಟ್ತಿದ್ದೀಯಲ್ಲಪ್ಪ, ತಗಂಡೋಗು" ಎಂದ.

ಸಣ್ಣೀರಪ್ಪ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದ. ಅವನ ಹೆಂಡತಿ ಜಲಜಾಕ್ಷಿ ಬಾಡಿಗೆಯ ಒಂಟಿ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತು ರವಿಕೆ ಹೊಲಿಯುತ್ತಿದ್ದಳು. ಬೆಟ್ಟದ ಬುಡದಲ್ಲಿ ಇಬ್ಬರೂ ಒಂದು ಸೈಟು ಮಾಡಿಕೊಂಡಿದ್ದರು. ನಾನು ಅಲ್ಲಿಗೆ ಹೋದಾಗ ಮನೆ ಎನ್ನುವುದು ಇರಲಿಲ್ಲ. ಪಾಯ ಇತ್ತು, ಪಾಯದ ತುಂಬ ಎಕ್ಕದ ಗಿಡ ಬೆಳೆದಿತ್ತು.

ಆ ಎಕ್ಕದ ಗಿಡಗಳಿಗೆ ಎರಡು ವರ್ಷ ವಯಸ್ಸು. ಪಾಯ ತೆಗೆಸಿದ ಹೊತ್ತಿನಲ್ಲಿ ಜಲಜಾಕ್ಷಿಗೆ ಮೂರು ತಿಂಗಳಾಗಿತ್ತು. ಪಾಯಕ್ಕೆ ಕಲ್ಲು ತುಂಬಿ ಮುಗಿಯುವುದಕ್ಕೂ ಬಸಿರು ಹೋಗುವುದಕ್ಕೂ ಸರಿಹೋಯಿತು. ಡಾಕ್ಟರು ಬೇರೆ ಕಾರಣ ಹೇಳಿದರು. ಆದರೆ ಸಣ್ಣೀರಪ್ಪನ ತಾಯಿ ಕೆಂಚಮ್ಮ ಸೊಸೆಯ ತಲೆ ಸವರುತ್ತಾ ಒಂದೇ ಮಾತು ಹೇಳಿದ್ದಳು, "ಹೊಟ್ಟೆಯಾಗೊಂದು ಮನೆ ಏಳ್ತಿರೋವಾಗ ಹೊರಗೊಂದು ಎಬ್ಬಿಸಬಾರದು ಕಣವ್ವ. ಎರಡೂ ನಿಲ್ಲಾಕಿಲ್ಲ." ಮುದುಕಿ ಬೈದು ಹೇಳಿದ್ದರೆ ಜಲಜಾಕ್ಷಿ ಮರೆತುಬಿಡುತ್ತಿದ್ದಳೋ ಏನೋ. ಪ್ರೀತಿಯಿಂದ ಹೇಳಿದ್ದರಿಂದ ಮಾತು ಮನಸ್ಸಿನಲ್ಲಿ ಕೂತುಬಿಟ್ಟಿತು. ಕೆಲಸವೂ ನಿಂತಿತು.

ಈಗ ಮತ್ತೆ ಶುರುವಾಗಿತ್ತು. ಕಟ್ಟಡಕ್ಕೆ ಕೂಲಿಯವರಿರಲಿಲ್ಲ, ಮನೆಯವರೇ ಎಲ್ಲ. ಹಳ್ಳಿಯಿಂದ ಅಣ್ಣ ದೊಡ್ಡೀರಪ್ಪ ಟ್ರ್ಯಾಕ್ಟರಿನಲ್ಲಿ ಕಲ್ಲು, ಮರಳು ತರುತ್ತಿದ್ದ. ಜಲಜಾಕ್ಷಿಯ ತಮ್ಮ ಓಬಳೇಶನಿಗೆ ಕಂಬಿ ಕಟ್ಟುವ ಕೆಲಸ ಗೊತ್ತಿತ್ತು. ಕೆಂಚಮ್ಮ ಮುದ್ದೆ, ಸಾರು ಹೊತ್ತು ತಂದು, ಬಡಿಸಿ, ತಾನೂ ಮಣ್ಣು ತುಂಬಿದ ಬಾಂಡ್ಲಿ ಎತ್ತುತ್ತಿದ್ದಳು. ಗೋಡೆ ಏರಿಸಲು ಇದ್ದವನು ಗಾರೆ ಸಿದ್ದಪ್ಪ ಒಬ್ಬನೇ, ಅವನೂ ದೂರದ ನೆಂಟ. ನೆಂಟರಿಷ್ಟರು ಸೇರಿ ಮನೆ ಕಟ್ಟುವುದೆಂದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದ ಹಾಗೆ. ಬಚ್ಚಲು ಯಾವ ಮೂಲೆಗೆ ಎಂಬುದಕ್ಕೇ ದೊಡ್ಡೀರಪ್ಪನಿಗೂ ಓಬಳೇಶನಿಗೂ ಮೂರು ದಿನ ಮಾತಿರಲಿಲ್ಲ. ಆ ಮೂರು ದಿನ ಇಬ್ಬರೂ ನನ್ನನ್ನೇ ನಡುವೆ ನಿಲ್ಲಿಸಿಕೊಂಡು, "ಅವನಿಗೆ ಹೇಳು", "ಇವನಿಗೆ ಹೇಳು" ಎಂದು ಸಿದ್ದಪ್ಪನ ಕೈಯಲ್ಲಿ ಮಾತು ಕಳಿಸುತ್ತಿದ್ದರು.

ಗೋಡೆ ಎದೆಮಟ್ಟ ದಾಟಿದ ಮೇಲೆ ನನಗೆ ಕೈತುಂಬ ಕೆಲಸ. ಜಲಜಾಕ್ಷಿ ಮಣ್ಣಿನ ಬಾಂಡ್ಲಿ ಹೊತ್ತು ದಿನಕ್ಕೆ ನಲವತ್ತು ಸಲ ಹತ್ತುತ್ತಿದ್ದಳು. ಅವಳದು ಚುರುಕು ಕಾಲು. ಒಂದು ಪಾದ ಒಂದು ಮೆಟ್ಟಿಲಿಗೆ, ಇನ್ನೊಂದು ಪಾದ ಮುಂದಿನದಕ್ಕೆ, ಹೊಲಿಗೆ ಬಿದ್ದಂತೆ ಟಕಟಕ ಹೋಗುತ್ತಿದ್ದಳು. ಒಂದು ಸೋಮವಾರದಿಂದ ಆ ನಡೆ ಬದಲಾಯಿತು. ಎರಡೂ ಪಾದ ಒಂದೇ ಮೆಟ್ಟಿಲಿಗೆ ಇಟ್ಟು, ನಿಂತು, ಆಮೇಲೆ ಮುಂದಿನದು. ಕೆಲವು ದಿನ ಕಳೆದ ಮೇಲೆ ತೂಕವೂ ಬದಲಾಯಿತು. ಹೊಟ್ಟೆತುಂಬ ಉಂಡ ತೂಕ ಇಳಿಯುತ್ತದೆ. ಇದು ಇಳಿಯುವ ತೂಕವಲ್ಲ, ದಿನದಿನಕ್ಕೂ ಕಡಲೆಬೇಳೆಯಷ್ಟು ಏರುತ್ತಿತ್ತು. ನನಗೆ ಅರ್ಥವಾಯಿತು. ಆವತ್ತಿನಿಂದ ಅವಳು ಕಾಲಿಟ್ಟರೆ ನಾನು ಹದಿಮೂರು ಮೆಟ್ಟಿಲನ್ನೂ ಬಿಗಿಹಿಡಿದು ನಿಲ್ಲುತ್ತಿದ್ದೆ.

ಗಂಡ ಹೆಂಡಿರ ಮಾತು ನನ್ನ ಬುಡದಲ್ಲೇ ನಡೆಯಿತು. ಉಳಿದವರು ಊಟಕ್ಕೆ ಕೂತಿದ್ದರು.

"ಅವ್ವಂಗೆ ಹೇಳಿಬಿಡಾನ ಜಲಜಾ," ಎಂದ ಸಣ್ಣೀರಪ್ಪ, ನನ್ನ ಗಳವನ್ನು ಉಗುರಿನಿಂದ ಕೆರೆಯುತ್ತಾ.

"ಹೇಳಿದ್ರೆ ನಾಳೆಯಿಂದ ಒಬ್ರೂ ಬರಲ್ಲ ಕಣ್ರೀ. ಮಣ್ಣಿನಾಗೆ ಕಟ್ಟಿರೋ ಗೋಡೆ, ಮಳೆ ಹಿಡಿದ್ರೆ ಒಂದೂ ಉಳಿಯಲ್ಲ. ನಂಗೆ ಬಾಣಂತನಕ್ಕೆ ತವರು ಅಂತ ಎಲ್ಲೈತೆ? ಅಮ್ಮ ಇಲ್ಲ. ಓಬಳೇಶ ಇರೋದು ಅವ್ನ ಮೇಸ್ತ್ರಿ ಮನೆ ಜಗುಲಿಯಾಗೆ. ಬಾಡಿಗೆ ಕೋಣೆಯಾಗೆ ಹೆರಿಗೆ, ಬಾಣಂತನ ಬ್ಯಾಡ ಅಂತ ಓನರಮ್ಮ ಆಗ್ಲೇ ಹೇಳೈತೆ."

"ಹಂಗಾದ್ರೆ ನೀನು ಬಾಂಡ್ಲಿ ಹೊರಬ್ಯಾಡ."

"ಹೊರದಿದ್ರೆ ಯಾಕೆ ಅಂತ ಕೇಳ್ತಾರೆ." ಅವಳು ದನಿ ತಗ್ಗಿಸಿದಳು. "ನಂಗೂ ಭಯ ಆಗ್ತೈತೆ ರೀ. ಅತ್ತೆ ಹೇಳಿದ್ದು ನಿಜವೇ ಆಗಿಬಿಟ್ರೆ?"

ಅವಳಿಗೆ ಬೇಕಾದದ್ದು ಎರಡು, ಮಗುವೂ ಉಳಿಯಬೇಕು, ಅದನ್ನು ಮಲಗಿಸಲು ತನ್ನದೇ ಸೂರೂ ಬೇಕು. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ಎಂಬುದು ಅತ್ತೆಯ ಮಾತಾಗಿತ್ತು. ನನಗೆ ಬಾಯಿದ್ದಿದ್ದರೆ ಎರಡೂ ಆಗುತ್ತದೆ ಹತ್ತಮ್ಮ ಎನ್ನುತ್ತಿದ್ದೆ.

ಅದರ ಮಾರನೆಯ ವಾರ ಕೆಂಚಮ್ಮ ಇದ್ದಕ್ಕಿದ್ದಂತೆ ಹಟ ಶುರು ಮಾಡಿದಳು. ಸೊಸೆಯ ಕೈಯಿಂದ ಬಾಂಡ್ಲಿ ಕಿತ್ತುಕೊಂಡು, "ನೀನು ಮಣ್ಣು ಸರಿಯಾಗಿ ಕಲಸ್ತೀಯ, ಹೊರೋದು ಬರಲ್ಲ, ಅರ್ಧ ಚೆಲ್ತೀಯ. ಕೆಳಗಿರು" ಎಂದಳು. ಜಲಜಾಕ್ಷಿ ಒಂದು ಹನಿಯನ್ನೂ ಚೆಲ್ಲಿದವಳಲ್ಲ. ನೆಂಟರ ಮುಂದೆ ಅವಮಾನವಾಗಿ ಕಣ್ಣಲ್ಲಿ ನೀರು ಬಂತು. ಆಮೇಲೆ ಮಧ್ಯಾಹ್ನದ ಊಟಕ್ಕೆ ಮೊಸರು ಅವಳ ತಟ್ಟೆಗೆ ಮಾತ್ರ ಬೀಳತೊಡಗಿತು. ಓಬಳೇಶ ಕೇಳಿದರೆ "ಮೊಸರು ಅಷ್ಟೇ ಇದ್ದಿದ್ದು" ಎನ್ನುವಳು. ಅತ್ತೆಗೆ ವಯಸ್ಸಾಗಿ ಅರಳುಮರಳು ಎಂದು ನಾನೂ ಅಂದುಕೊಂಡೆ.

ಗೋಡೆಗಳು ಎದ್ದವು, ಹಲಗೆ ಹೊಡೆದು ಕಂಬಿ ಕಟ್ಟಿದ್ದಾಯಿತು. ಸೂರಿಗೆ ಮೋಲ್ಡ್ ಹಾಕುವ, ಎಂದರೆ ಕಾಂಕ್ರೀಟು ಸುರಿಯುವ ದಿನ ಬಂತು. ಮನೆ ಕಟ್ಟುವವರಿಗೆ ಅದು ಮದುವೆಯ ಧಾರೆಯಿದ್ದಂತೆ. ಹಳ್ಳಿಯಿಂದ ಇಪ್ಪತ್ತು ಜನ ದೊಡ್ಡೀರಪ್ಪನ ಟ್ರ್ಯಾಕ್ಟರಿನಲ್ಲಿ ಬಂದಿಳಿದರು. ಒಂದು ಕಡೆ ಒಲೆಯ ಮೇಲೆ ಕೋಳಿ ಸಾರು ಕುದಿಯುತ್ತಿತ್ತು. ಬಾಡಿಗೆಗೆ ತಂದ ಮಿಷನ್ನು ಗಡಗಡ ತಿರುಗಿ ಜಲ್ಲಿ, ಮರಳು, ಸಿಮೆಂಟು ಕಲಸುತ್ತಿತ್ತು. ಬೆಟ್ಟದ ಆಚೆ ಮೋಡ ಕಪ್ಪಗೆ ಕಟ್ಟಿತ್ತು. ಕೆಂಚಮ್ಮ ಬರುವಾಗ ಒಂದು ಮೊರದ ಮೇಲೆ ಟವಲು ಮುಚ್ಚಿ ತಂದು ನೆರಳಲ್ಲಿ ಇಟ್ಟಿದ್ದಳು. ಪೂಜೆಯ ಸಾಮಾನು ಎಂದು ಯಾರೂ ಮುಟ್ಟಲಿಲ್ಲ.

ನನ್ನ ಬುಡದಲ್ಲಿ ಸಗಣಿಯ ಬೆನಕನನ್ನು ಕೂರಿಸಿ, ಗರಿಕೆ ಸಿಕ್ಕಿಸಿ, ಕರ್ಪೂರ ಹಚ್ಚಿದರು. ಗಾರೆ ಸಿದ್ದಪ್ಪ ಮೊದಲ ಬಾಂಡ್ಲಿಯನ್ನು ಕುಂಕುಮ ಇಟ್ಟು ಸಿದ್ಧ ಮಾಡಿದ. ಮೊದಲನೆಯದನ್ನು ಮನೆಯ ಯಜಮಾನಿ ಹೊತ್ತು ಹತ್ತಬೇಕು, ಅವಳ ಹಿಂದೆ ಉಳಿದವರು. ಅದು ಅವನ ಕಡೆಯ ಪದ್ಧತಿ. ಜಲಜಾಕ್ಷಿ ಮುಂದೆ ಬಂದು ನನ್ನ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಅಂಗಾಲು ತಣ್ಣಗಿತ್ತು.

"ತಡಿಯವ್ವ," ಎಂದ ಸಿದ್ದಪ್ಪ. "ಬೆನಕಪ್ಪನ ಮುಂದೆ ಒಂದು ಮಾತು ಕೇಳಬೇಕು, ಎಲ್ಲರನ್ನೂ ಕೇಳ್ತೀನಿ. ಮುಟ್ಟಿಲ್ಲ ತಾನೆ? ಬಸುರಿ ಅಲ್ಲ ತಾನೆ?"

ಕೇಳಬೇಕಲ್ಲ ಎಂದು ಕೇಳಿದ ಮಾತು ಅದು. ಇಲ್ಲ ಎಂದುಬಿಟ್ಟರೆ ಮುಗಿಯುತ್ತಿತ್ತು. ಜಲಜಾಕ್ಷಿ ಮನುಷ್ಯರ ಮುಂದೆ ಎರಡು ತಿಂಗಳು ಬಚ್ಚಿಟ್ಟವಳು, ದೇವರ ಮುಂದೆ ಸುಳ್ಳಾಡಲು ಬಾಯಿ ಬರಲಿಲ್ಲ. ಅವಳ ಹೆಬ್ಬೆರಳು ನನ್ನ ಮೆಟ್ಟಿಲನ್ನು ಕಚ್ಚಿ ಹಿಡಿಯಿತು. ಅವಳು ತಲೆ ತಗ್ಗಿಸಿ, "ಐದು ತಿಂಗಳು" ಎಂದಳು.

ದೊಡ್ಡೀರಪ್ಪ ಸಲಿಕೆ ನೆಲಕ್ಕೆ ಹಾಕಿದ. "ಹಿಂದಿಂದು ಮರೆತ್ರೇನೋ?" ಎಂದು ತಮ್ಮನ ಮೇಲೆ ರೇಗಿದ. "ಆವಾಗ ಪಾಯಕ್ಕೆ ಕಲ್ಲು ತಂದೋನು ನಾನು. ಎರಡು ವರ್ಷ ಆ ಪಾಪ ನನ್ನದೇ ಅಂದ್ಕಂಡು ತಿರುಗಿದೀನಿ. ಇನ್ನೊಂದು ಸಲ ನಾನು ಇದಕ್ಕೆ ಕೈ ಹಾಕಾಕಿಲ್ಲ." ಅವನು ಹಿಂದೆ ಸರಿದದ್ದು ನೋಡಿ ಹಳ್ಳಿಯವರು ಒಬ್ಬೊಬ್ಬರಾಗಿ ಬಾಂಡ್ಲಿ ಕೆಳಗಿಟ್ಟರು. ಓಬಳೇಶ, "ಕಲಸಿದ ಮಾಲು ಗಟ್ಟಿ ಆಗ್ತೈತೆ ಭಾವ, ಮಳೆ ಬೇರೆ ಬರ್ತೈತೆ" ಎಂದು ಗೋಗರೆದ. ಸಣ್ಣೀರಪ್ಪ ಹೆಂಡತಿಯ ಪಕ್ಕ ಬಂದು ನಿಂತ, ಅಷ್ಟೇ.

ಆಗ ಕೆಂಚಮ್ಮ ನೆರಳಿನಲ್ಲಿದ್ದ ಮೊರ ಎತ್ತಿಕೊಂಡು ಬಂದಳು.

"ಸಿದ್ದಪ್ಪ, ಕೇಳಬೇಕಾದೋರನ್ನ ಬಿಟ್ಟು ಯಾರನ್ನೋ ಕೇಳ್ತೀಯಲ್ಲ. ಈ ಮನೆ ಯಜಮಾನಿ ನಾನು."

"ನೀನು ಹೆಂಗಾಯ್ತೀಯ ಕೆಂಚಕ್ಕ?"

"ಈಗ ಆಗ್ತೀನಿ, ನೋಡ್ತಿರು." ಅವಳು ಟವಲು ತೆಗೆದಳು. ಮೊರದ ತುಂಬ ತೌಡು. "ಜಲಜಾ, ಮಡಿಲು ಒಡ್ಡು. ಈ ಮನೆನ ಒಂದು ಮೊರ ತೌಡಿಗೆ ನಂಗೆ ಮಾರಿದೀನಿ ಅನ್ನು."

ಒಂದು ಗಳಿಗೆ ಯಾರಿಗೂ ಹೊಳೆಯಲಿಲ್ಲ, ಹೊಳೆದ ಮೇಲೆ ಹೆಂಗಸರೆಲ್ಲ ಬಾಯಿಗೆ ಸೆರಗಿಟ್ಟು ನಗತೊಡಗಿದರು. ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸನ್ನು ತೌಡಿಗೆ ಯಾರಿಗಾದರೂ ಮಾರಿದಂತೆ ಮಾಡುವುದು ಹಿಂದಿನಿಂದ ಬಂದದ್ದು. ಕೆಡುಕು ಹುಡುಕಿಕೊಂಡು ಬಂದರೆ ಕೂಸು ಇವರದಲ್ಲ, ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಬೇಕು. ಹಾಗೆ ಮಾರಿದ ಕೂಸುಗಳಿಗೆ ತೌಡಪ್ಪ, ತೌಡಮ್ಮ ಎಂದೇ ಹೆಸರು. ಆದರೆ ಕೂಸನ್ನು ಬಿಟ್ಟು ಮನೆಯನ್ನು ತೌಡಿಗೆ ಮಾರಿದ್ದನ್ನು ಅಲ್ಲಿ ಯಾರೂ ಕೇಳಿರಲಿಲ್ಲ.

"ಬಸುರಿ ಮನೆ ಕಟ್ಟಬಾರದು, ನಿಜ. ನಾನೇನು ಬಸುರಿಯಾ?" ಎಂದಳು ಅರವತ್ತು ದಾಟಿದ ಕೆಂಚಮ್ಮ, ಸೊಂಟದ ಮೇಲೆ ಕೈಯಿಟ್ಟು. "ನನ್ನ ಮನೆ, ನಾನು ಕಟ್ಟಿಸ್ತೀನಿ. ಇವಳು ನನ್ನ ಮನೆಗೆ ಬಂದಿರೋ ಸೊಸೆ. ಏನ್ಲಾ ದೊಡ್ಡೀರ, ಇದರಾಗೆ ಪಾಪ ಎಲ್ಲೈತೆ ಹೇಳು?"

ಜಲಜಾಕ್ಷಿ ಮಡಿಲು ಒಡ್ಡಿದಳು. "ಮಾರಿದೀನಿ ಅತ್ತೆ," ಎಂದಳು, ಅಳುತ್ತಾ. ತೌಡು ಸುರಿಯುತ್ತಾ ಕೆಂಚಮ್ಮ ಅವಳ ಕಿವಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. "ಎರಡೂ ಪಾದ ಒಂದೇ ಮೆಟ್ಲಿಗೆ ಇಕ್ಕಿ ಹತ್ತಿದ ದಿನವೇ ಗೊತ್ತಾತು ಕಣೆ. ನಾನೇನು ಹೆತ್ತಿಲ್ವಾ? ದಾರಿ ಹುಡುಕೋತನಕ ಸುಮ್ಕಿದ್ದೆ." ಅಂಗಾಲು ಓದುವ ವಿದ್ಯೆ ನನಗೆ ಮಾತ್ರ ಗೊತ್ತು ಎಂದು ಬೀಗುತ್ತಿದ್ದವನು ನಾನು! ಮುದುಕಿಗೆ ಅರಳುಮರಳು ಎಂದದ್ದಕ್ಕೆ ನಾಚಿಕೆಯಾಯಿತು.

ದೊಡ್ಡೀರಪ್ಪ ಸಲಿಕೆ ಎತ್ತಿಕೊಂಡ. ಕೆಂಚಮ್ಮ ಸೀರೆಯನ್ನು ಮೊಣಕಾಲಿಗೆ ಸಿಕ್ಕಿಸಿ, ಬಾಂಡ್ಲಿ ತಲೆಗಿಟ್ಟು ನನ್ನನ್ನು ಹತ್ತಿದಳು. ಒಣಗಿದ ಕೆರೆಯಂಗಳದಂತೆ ಬಿರಿದ ಅಂಗಾಲು. ಒಂದು ಮೆಟ್ಟಿಲಿಗೆ ಒಂದು ಪಾದ, ಎಲ್ಲೂ ನಿಲ್ಲಲಿಲ್ಲ. ಅವಳ ಹಿಂದೆ ಇಪ್ಪತ್ತು ಜನ ಸಾಲುಗಟ್ಟಿದರು, ಬಾಂಡ್ಲಿಗಳು ಕೈಯಿಂದ ಕೈಗೆ ಹಾರಿದವು. ಸಂಜೆ ನಾಲ್ಕಕ್ಕೆ ಕೆಲಸ ಮುಗಿಯಿತು. ಮಳೆ ಐದು ದಿನ ಬಿಟ್ಟು ಬಂತು, ಬಂದು ಹೊಸ ಮೋಲ್ಡಿನ ಮೇಲೆ ನಿಂತು ನಮಗೇ ಉಪಕಾರ ಮಾಡಿತು.

ಅಲ್ಲಿಂದ ಮುಂದೆ ಕೆಂಚಮ್ಮನ ದರ್ಬಾರು. ಮೋಲ್ಡಿಗೆ ನೀರು ಕಟ್ಟಿ ನೆನೆಸಬೇಕಲ್ಲ, "ನನ್ನ ಮನೆಗೆ ನಾನೇ ನೀರು ಹಾಕ್ತೀನಿ" ಎಂದು ಮಳೆಯಿಲ್ಲದ ದಿನವೆಲ್ಲ ಹತ್ತಿದಳು. ಮೊದಮೊದಲು ಹಾಗೆ ಜೋರಾಗಿ ಹೇಳುತ್ತಿದ್ದದ್ದು ಕೆಡುಕಿನ ಕಿವಿಗೆ ಬೀಳಲಿ ಎಂದು. ಬರಬರುತ್ತಾ ದನಿ ತಾನಾಗಿ ಸಣ್ಣದಾಯಿತು. ಗೋಡೆಯ ಗಾರೆ ಸವರಿ ನೋಡುತ್ತಾ, ಯಾರೂ ಇಲ್ಲದಾಗಲೂ "ನನ್ನ ಮನೆ" ಎನ್ನುತ್ತಿದ್ದಳು. ಒಲೆ ಎಲ್ಲಿ, ದೇವರ ಗೂಡು ಎಲ್ಲಿ, ಎಲ್ಲ ಅವಳೇ ತೋರಿಸಿದಳು. ಬಚ್ಚಲಿನ ಮೂಲೆಯನ್ನೂ ಅವಳೇ ತೀರ್ಮಾನಿಸಿ ಓಬಳೇಶನನ್ನು ಗೆಲ್ಲಿಸಿದಳು.

ಆಸ್ಪತ್ರೆಯಿಂದ ಜಲಜಾಕ್ಷಿ ಬಂದದ್ದು ನೇರ ಆ ಮನೆಗೆ. ನೆಲಕ್ಕೆ ಕಲ್ಲು ಹಾಸಿರಲಿಲ್ಲ, ಹಿಂಬಾಗಿಲಿಗೆ ಗೋಣಿ ಕಟ್ಟಿತ್ತು. ಸೂರು ಮಾತ್ರ ಗಟ್ಟಿ. ಹೆಣ್ಣು ಕೂಸು, ಎರಡೂಮುಕ್ಕಾಲು ಕೆಜಿ ಎಂದು ಸಣ್ಣೀರಪ್ಪ ಮಿಲ್ಲಿನವರಿಗೆಲ್ಲ ಹೇಳಿಕೊಂಡು ಬಂದ. ನನ್ನನ್ನು ಕೇಳಿದ್ದರೆ ಬರುವ ಮೊದಲೇ ಹೇಳುತ್ತಿದ್ದೆ.

ಮೂರು ತಿಂಗಳಿಗೆ ಹೆಸರಿಟ್ಟರು. ಊಟವಾದ ಮೇಲೆ ದೊಡ್ಡೀರಪ್ಪ, "ಅವ್ವ, ಇನ್ನ ಗಂಡಾಂತರ ಕಳೀತು. ತೌಡು ವಾಪಸ್ ಇಸ್ಕಂಡು ಮನೆ ಅವರಿಗೆ ಬಿಟ್ಟುಕೊಡು, ನಡಿ ಊರಿಗೋಗಾನ" ಎಂದ. ಅದೂ ಪದ್ಧತಿಯೇ. ಜಲಜಾಕ್ಷಿ ಮೊರದ ತುಂಬ ತೌಡು ತಂದಳು. ಗಂಡ ರೈಸ್ ಮಿಲ್ಲಿನಲ್ಲಿರುವಾಗ ತೌಡಿಗೇನು ಬರ? ಕೆಂಚಮ್ಮ ಎದ್ದು ನಿಂತು ಸೆರಗು ಒಡ್ಡಿದಳು, ಆದರೆ ಕಣ್ಣು ಬಾಗಿಲ ಮೇಲೆ, ಒಲೆಯ ಮೇಲೆ ಹರಿದಾಡಿ ಬಂತು.

"ಹುಟ್ಟಿದ ಮನೆ ನಮ್ಮಪ್ಪಂದು," ಎಂದಳು ನಗುತ್ತಾ. "ಕೊಟ್ಟ ಮನೆ ನಮ್ಮ ಮಾವಂದು. ಈಗಿರೋದು ದೊಡ್ಡೀರಂದು. ಅರವತ್ತು ವರ್ಷಕ್ಕೆ ಇದೊಂದನ್ನ ನನ್ನ ಮನೆ ಅಂದ್ಕಂಡು ತಿರುಗಾಡಿದ್ನಲ್ಲ, ಆಟಕ್ಕೆ ಅಂದಿದ್ದು ಬಾಯಿಗೆ ರೂಢಿ ಆಗೋಗೈತೆ. ಹಾಕವ್ವ, ಹಾಕು."

ಜಲಜಾಕ್ಷಿ ಹಾಕಲಿಲ್ಲ. ಅತ್ತೆಯ ಮುಖ ನೋಡಿದಳು. ಆಮೇಲೆ ಮೊರ ಹಿಡಿದುಕೊಂಡೇ ಹಿತ್ತಲಿಗೆ ಬಂದು, ಬಾಣಂತಿಯ ಹಾಲಿಗೆಂದು ದೊಡ್ಡೀರಪ್ಪ ತಂದು ನನ್ನ ಪಕ್ಕದಲ್ಲಿ ಕಟ್ಟಿದ್ದ ಹಸುವಿನ ಬಾನಿಗೆ ಅಷ್ಟನ್ನೂ ಸುರಿದಳು. ಹಸು ಖುಷಿಯಿಂದ ಮೂತಿ ಮುಳುಗಿಸಿತು.

"ಅಯ್ಯೋ ಅತ್ತೆ, ಮರೆತು ಹಸೂಗೆ ಹಾಕ್ಬಿಟ್ಟೆ," ಎಂದು ಅಲ್ಲಿಂದಲೇ ಕೂಗಿದಳು. "ಇನ್ನ ಮನೆಯಾಗೆ ಒಂದು ಹಿಡಿಯೂ ತೌಡಿಲ್ಲ. ಏನ್ ಮಾಡೋದು ಈಗ, ಮನೆ ನಿಮ್ಮದೇ."

ಆಮೇಲೆ ಎಷ್ಟೋ ಮೂಟೆ ತೌಡು ಆ ಮನೆಗೆ ಬಂತು. ಒಂದು ಮೊರ ಕೂಡ ಕೆಂಚಮ್ಮನ ಸೆರಗಿಗೆ ಬೀಳಲಿಲ್ಲ. ಅವಳು ಹಳ್ಳಿಗೆ ಹೋಗುತ್ತಿದ್ದಳು, ಬರುತ್ತಿದ್ದಳು. ಹೋಗುವಾಗ ಅವಳ ಹಳೆಯ ಚೀಲದಲ್ಲಿ ಈ ಮನೆಯ ಒಂದು ಬೀಗದ ಕೈ ಇರುತ್ತಿತ್ತು. ಬೀದಿಯವರು ತೌಡಿನ ಮನೆ ಎಂದು ಹೆಸರಿಟ್ಟರು, ಅಂಚೆಯವನಿಗೂ ಅದೇ ಗುರುತು.

ನನಗೂ ವಯಸ್ಸಾಯಿತು. ಮೈ ಬಂದ ಓಬಳೇಶ ಒಂದು ದಿನ ನೀರಿನ ಟ್ಯಾಂಕು ನೋಡಲು ಹತ್ತಿ ಏಳನೆಯ ಮೆಟ್ಟಿಲು ಮುರಿದ. ತಪ್ಪು ಅವನದೋ ನನ್ನದೋ, ಈಗ ಯಾಕೆ ಬಿಡಿ. ಅಷ್ಟರಲ್ಲಿ ಮನೆಗೆ ಕಲ್ಲಿನ ಮೆಟ್ಟಿಲೂ ಆಗಿತ್ತು. ನನ್ನನ್ನು ಹಿತ್ತಲ ಗೋಡೆಗೆ ಓರೆಯಾಗಿ ಆನಿಸಿ ಹೀರೆಬಳ್ಳಿ ಹಬ್ಬಿಸಿದ್ದಾರೆ. ಬಳ್ಳಿಗೆ ಹತ್ತುವುದು ಮಾತ್ರ ಗೊತ್ತು, ಇಳಿಯುವ ಚಿಂತೆಯಿಲ್ಲ. ಇಲ್ಲಿ ಕೂತು ಯೋಚಿಸಿದರೆ ನನಗೆ ಹೆಮ್ಮೆಯೇ ಹೆಚ್ಚು. ಅರಮನೆಗೆ ಆತುಕೊಂಡ ಏಣಿಗಳಿರಬಹುದು, ಮುಗಿಲಿಗೆ ಹಾಕುವ ಏಣಿಯೂ ಮಾತಿನಲ್ಲಿದೆ. ನಾನು ಆತುಕೊಂಡದ್ದು ಎರಡು ಕೋಣೆಯ ಮನೆಗೆ. ಹೊತ್ತ ತೂಕ ಯಾವುದನ್ನೂ ಕೆಳಕ್ಕೆ ಬಿಡಲಿಲ್ಲ, ಓಬಳೇಶನೊಬ್ಬನನ್ನು ಬಿಟ್ಟು.

ಮೊನ್ನೆ ಜನಗಣತಿಯ ಮೇಡಂ ಬಂದಿದ್ದರು. ಕೂಸು ಈಗ ಐದನೇ ಕ್ಲಾಸು, ಅವಳೇ ಕುರ್ಚಿ ತಂದು ಹಿತ್ತಲ ನೆರಳಿನಲ್ಲಿ ಹಾಕಿದಳು. ಕಾಗದ ಪತ್ರದಲ್ಲಿ ಮನೆ ಇರುವುದು ಸಣ್ಣೀರಪ್ಪನ ಹೆಸರಿನಲ್ಲಿ. ಮೇಡಂ ಪೆನ್ನು ಬಿಚ್ಚಿ, "ಮನೆ ಯಜಮಾನರು ಯಾರು?" ಎಂದರು. ಅವನು ಬಾಯಿ ತೆರೆಯುವಷ್ಟರಲ್ಲಿ ಒಳಗೆ ಹೊಲಿಗೆ ಮಿಷನ್ನಿನ ಸದ್ದು ನಿಂತಿತು.

"ಅತ್ತೇ," ಎಂದು ಜಲಜಾಕ್ಷಿ ಕೂಗಿದಳು, "ನಿಮ್ಮನ್ನ ಕೇಳ್ತಾವ್ರೆ ನೋಡಿ."

ಕೆಂಚಮ್ಮ ನನ್ನ ಮೂರನೆಯ ಮೆಟ್ಟಿಲು ಹಿಡಿದುಕೊಂಡು ಹೀರೆಕಾಯಿ ಕೀಳುತ್ತಿದ್ದಳು. ಸೊಂಟ ಬಾಗಿದೆ, ಕಣ್ಣಿಗೆ ಪೊರೆ ಬಂದಿದೆ. ಕಾಯಿಗಳನ್ನು ಮೊಮ್ಮಗಳ ಕೈಗೆ ಕೊಟ್ಟು, ಸೆರಗು ಸರಿಮಾಡಿಕೊಂಡು, ನಿಧಾನವಾಗಿ ಮೇಡಂ ಎದುರು ಹೋಗಿ ನಿಂತಳು.

"ಬರ್ಕಳವ್ವ," ಎಂದಳು. "ಕೆಂಚಮ್ಮ ಅಂತ."